ಮಣೂಕ ಇಳಿದ ಮೇಲೆ ರತ್ನಾಗಿರಿ

ಕಾಗವಾಡ
೩-೬-೨೦೨೪

ಪ್ರೀತಿಯ ವಾಜಿದಾ,

ನಿನ್ನ ಸೋನಾ ಮಾಡುವ ಸಲಾಮು, ನಮಸ್ಕಾರ ಎರಡೂ. ಫೋನು ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಹನ್ನೊಂದು ಸಲ ಮಾಡಿದ್ದೀಯ. ಹನ್ನೊಂದು ಸಲವೂ ಫೋನು ನನ್ನ ಕೈಯಲ್ಲೇ ಇತ್ತು, ತಾನಾಗಿ ಸುಮ್ಮನಾಗುವವರೆಗೆ ನೋಡುತ್ತ ಕೂತಿದ್ದೆ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನಿಂದ ಒಂದು ಮಾತೂ ಹೊರಡುವುದಿಲ್ಲ. ಚಿಕ್ಕೋಡಿಯ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಬಾಯಿ ಮಾಡುವುದರಲ್ಲಿ ಆಗ ನನ್ನನ್ನು ಮೀರಿಸುವವರು ಇರಲಿಲ್ಲ. ಈಗ ಆ ಬಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಬರೆಯುವುದಾದರೆ ನಡುನಡುವೆ ನಿಲ್ಲಿಸಿ ಕಣ್ಣು ಒರೆಸಿಕೊಳ್ಳಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೋಮಲ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಮಾತಾಡಿಸಲು ಬರುವವರು ಇನ್ನೂ ನಿಂತಿಲ್ಲ. ಬರುತ್ತಾರೆ, ಗೋಡೆಗೆ ಒರಗಿ ಕೂರುತ್ತಾರೆ, "ಇಪ್ಪತ್ತೊಂದ ವರ್ಷದ ಹುಡುಗಿ, ಹೆಂಗ ತಡಕೊಂಡೀಯವ್ವಾ" ಎನ್ನುತ್ತಾರೆ. ಅದರ ಬೆನ್ನಿಗೇ, "ಈ ಸಲ ಮಣೂಕಕ್ಕ ರೇಟ್ ಹೆಂಗ ಸಿಕ್ತರಿ?" ಎಂದು ನಮ್ಮವರನ್ನು ಕೇಳುತ್ತಾರೆ. ಎದ್ದು ಹೋಗಿ ಅವರ ಮುಖದ ಮೇಲೆ ಬಾಗಿಲು ಹಾಕಬೇಕು ಅನ್ನಿಸುತ್ತದೆ. ಒಳಗೆ ಹೋಗಿ ಚಹಾ ಮಾಡಿಕೊಂಡು ಬರುತ್ತೇನೆ.

ಮಣೂಕ ಅಂದರೆ ಒಣದ್ರಾಕ್ಷಿ ಎಂದು ನಿನ್ನ ಸೊಸೆಗೆ ನೀನೇ ಒಮ್ಮೆ ಬಿಡಿಸಿ ಹೇಳಿದ್ದೆಯಲ್ಲ, ನೆನಪಿದೆಯೇ? ಅದು ಸಿಹಿ ಅಂತ ಮಾತ್ರ ಹೇಳಿದೆ, ಅದರ ಹಟ ಹೇಳಲಿಲ್ಲ. ಊರವರೆಲ್ಲ ಏಪ್ರಿಲ್‌ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗೋವಾ, ಗಣಪತಿಪುಳೆ ಎಂದು ಹೊರಟರೆ ನಾವು ಶೆಡ್ಡಿನಲ್ಲಿ ಆಕಾಶ ನೋಡುತ್ತ ಕೂರಬೇಕು. ರ್ಯಾಕುಗಳ ಮೇಲೆ ಹರವಿದ ದ್ರಾಕ್ಷಿ ಒಣಗಲು ಹದಿನೈದು ದಿನ ಬೇಕು. ಅಷ್ಟರಲ್ಲಿ ಮಳೆಯ ಥಂಡಿ ತಗಲಿತೋ, ಮಾಲೆಲ್ಲ ಕಪ್ಪು. ಮೋಡ ಕಂಡರೆ ಸಾಕು, ರ್ಯಾಕುಗಳಿಗೆ ತಾಡಪತ್ರಿ ಹೊದಿಸಲು ಮನೆಮಂದಿಯೆಲ್ಲ ಓಡಬೇಕು. ಒಂದು ಕೊಯ್ಲು ಇಳಿಸಿದರೆ ಇನ್ನೊಂದು ಏರುತ್ತದೆ. ಅದೆಲ್ಲ ಮುಗಿದು, ಬಳ್ಳಿ ಕತ್ತರಿಸಿ ಕೈ ತೊಳೆಯುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ನಮ್ಮ ಮನೆಯಲ್ಲಿ ಬೇಸಿಗೆ ರಜೆ ಅಂದರೆ ಜೂನ್.

ಕೋಮಲ ಹುಟ್ಟಿದಾಗಿನಿಂದ ಮಳೆಗೆ ಶಾಪ ಹಾಕುವವರ ನಡುವೆಯೇ ಬೆಳೆದಳು. ಮಳೆಯಿಂದ ಯಾರಿಗೂ ಲುಕ್ಸಾನು ಆಗದ ಊರನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಳು. ಮಾರ್ಚಿನಲ್ಲಿ ಅವಳು ನಿನಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನೀನು, "ಜೂನದಾಗ ರತ್ನಾಗಿರಿಗಿ ಬಂದ ಏನ ನೋಡ್ತಿಯವಾ? ದೋಣಿ ನಿಂತಿರ್ತಾವ, ನೀರಾಗ ಕಾಲಿಡಾಕ ಪೊಲೀಸರು ಬಿಡೂದಿಲ್ಲ, ತೊಳದ ಅರಬಿ ನಾಕ ದಿನ ಒಣಗೂದಿಲ್ಲ" ಎಂದೆ. ಅವಳು, "ದಂಡಿ ಮ್ಯಾಲ ಕುಂತ ಸಮುದ್ರದಾಗ ಮಳಿ ಬೀಳೂದ ನೋಡ್ತೀನ್ರಿ ಮೌಶಿ. ಅಲ್ಲಿ ಯಾರೂ ತಾಡಪತ್ರಿ ತಗೊಂಡ ಓಡ್ರಿ ಅಂತ ಒದರೂದಿಲ್ಲಲ್ಲ" ಎಂದಳು. ನೀನು ಎಷ್ಟು ನಕ್ಕೆ. ಆಮೇಲೆ ದಿನವೂ ಅವಳದು ಅದೇ ಮಾತು. ಸ್ವೆಟರ್ ಬೇಕಾಗುತ್ತದೆಯೇ, ಮಾಂಡವಿ ದಂಡೆಯಲ್ಲಿ ಮಳೆ ಇದ್ದಾಗಲೂ ಭಜಿ ಸಿಗುತ್ತದೆಯೇ, ನಿನ್ನ ಮಗ ಅರ್ಮಾನ ದಿನಾ ಸಂಜೆ ಗಾಡಿಯಲ್ಲಿ ಕರೆದೊಯ್ಯುತ್ತಾನೆಯೇ. ನಮ್ಮವರು ಏಪ್ರಿಲ್ಲಿನ ಸುಡುಬಿಸಿಲಲ್ಲಿ ಮಿರಜಿಗೆ ಹೋಗಿ ಮೂರು ರೇನ್‌ಕೋಟು ತಂದರು. "ಅಣ್ಣಾಸಾಬಗ ಬಿಸಿಲಿಗಿ ತಲಿ ಕೆಟ್ಟೈತಿ" ಎಂದು ಓಣಿಯವರು ನಕ್ಕರು.

ಏಪ್ರಿಲ್ ಹದಿನಾರಕ್ಕೆ ಮಿರಜಿನ ಡಾಕ್ಟರು ನಮ್ಮನ್ನು ಒಳಗೆ ಕರೆದು ಕೂರಿಸಿದರು. ಎರಡು ವರ್ಷ ಅವಳ ರಕ್ತದ ಕ್ಯಾನ್ಸರಿಗೆ ಔಷಧ ಕೊಟ್ಟವರು ಅವರೇ. "ಇನ್ನ ಔಷಧ ಸಾಕ್ರಿ. ಆಕಿಗಿ ಏನ ತಿನ್ನಬೇಕನಸ್ತೈತಿ ಅದನ್ನ ತಿನ್ನಸ್ರಿ, ಎಲ್ಲಿ ಹೋಗಬೇಕಂತಾಳ ಅಲ್ಲಿ ಕರಕೊಂಡ ಹೋಗ್ರಿ" ಎಂದರು. ಔಷಧ ನಿಂತಿತು ಅಂದರೆ ರೋಗ ನಿಂತಿತು ಎಂದೇ ನಾನು ತಿಳಿದೆ. ಪೇಢೆ ತಂದು ಓಣಿಗೆಲ್ಲ ಹಂಚಿದೆ ವಾಜಿದಾ. ಕೈಯಾರೆ ಹಂಚಿದೆ. ನಮ್ಮವರು ಮಾತ್ರ ಒಂದನ್ನೂ ಬಾಯಿಗೆ ಹಾಕಲಿಲ್ಲ. ಸಕ್ಕರೆ ಕಾಯಿಲೆಯವರು, ಬೇಡವೇನೋ ಅಂದುಕೊಂಡೆ.

ಆದರೆ ರ್ಯಾಕಿನ ಮೇಲೆ ಇವರ ಮಣೂಕ ಇತ್ತು. ಅದು ಇಳಿಯಲಿ, ಜೂನ್ ಹತ್ತಕ್ಕೆ ಹೋಗುವುದು ಎಂದಾಯಿತು. ಮೇ ಹನ್ನೆರಡಕ್ಕೆ ಅವಳು ಹೋಗಿಬಿಟ್ಟಳು. ಸಮುದ್ರ ಹೇಗಿರುತ್ತದೆ ಎಂದು ನನ್ನ ಮಗಳು ಕಣ್ಣಾರೆ ನೋಡಲಿಲ್ಲ. ಇಷ್ಟು ಬರೆಯಲು ಬೆಳಿಗ್ಗೆಯಿಂದ ಮೂರು ಸಲ ಕೂತು ಎದ್ದಿದ್ದೇನೆ.

ಮೂರನೇ ದಿನ ಇವರ ಅಣ್ಣ ವಿರುಪಾಕ್ಷಪ್ಪನವರು ಎಲ್ಲರ ಎದುರಿಗೇ ಇವರನ್ನು ತರಾಟೆಗೆ ತೆಗೆದುಕೊಂಡರು. "ಮಗಳಕಿಂತ ನಿನಗ ಮಣೂಕಾ ಹೆಚ್ಚಾತೇನೋ ಅಣ್ಣಾಸಾಬ? ಡಾಕ್ಟರ್ ಹೇಳಿದಾಗನ ಕರಕೊಂಡ ಹೋಗಿದ್ರ ಆ ಕೂಸು ಸಮುದ್ರನರ ನೋಡಿ ಹೋಗ್ತಿತ್ತು" ಎಂದರು. ಇವರು ತಲೆ ಎತ್ತಲಿಲ್ಲ. "ಹೌದಣ್ಣಾ. ನಂದ ತಪ್ಪು" ಎಂದರು. ಅಂದಿನಿಂದ ಊರೆಲ್ಲ ಅದನ್ನೇ ಆಡಿಕೊಳ್ಳುತ್ತದೆ. ನಾನು ಇವರೊಡನೆ ಮಾತು ಕಡಿಮೆ ಮಾಡಿದ್ದೇನೆ. ಹೊತ್ತಿಗೆ ಸರಿಯಾಗಿ ಬಡಿಸುತ್ತೇನೆ, ಅಷ್ಟೇ. ಇವರ ಮುಖ ನೋಡಲು ನನ್ನಿಂದ ಆಗುವುದಿಲ್ಲ.

"ಇಬ್ಬರೂ ಬರ್ರಿ, ಹತ್ತ ದಿನ ಇದ್ದ ಹೋಗ್ರಿ, ಇಲ್ಲಿ ಮಳಿ ಹಿಡದೈತಿ, ತಂಪೈತಿ" ಎಂದು ಮೆಸೇಜು ಕಳಿಸಿದ್ದೀಯ. ನಾನು ಬರುತ್ತೇನೆ, ಒಬ್ಬಳೇ. ಕೋಮಲ ಗೊತ್ತುಮಾಡಿಕೊಂಡಿದ್ದ ಹತ್ತನೇ ತಾರೀಖಿಗೇ ಬರುತ್ತೇನೆ. ಮಿರಜಿನಿಂದ ಬೆಳಿಗ್ಗೆ ಹೊರಡುತ್ತೇನೆ, ಆಂಬಾ ಘಾಟಿನಲ್ಲಿ ಮಂಜು ಇದ್ದರೆ ಬಸ್ಸು ತಡವಾದೀತು, ಅರ್ಮಾನನನ್ನು ಸ್ಟ್ಯಾಂಡಿನಲ್ಲಿ ಕಾಯಿಸಬೇಡ. ನನಗೆ ಊರು ತೋರಿಸುವುದು, ನೆಂಟರ ಮನೆಗೆ ಕರೆದೊಯ್ಯುವುದು ಯಾವುದೂ ಬೇಡ. ಅವಳು ಕೂರುತ್ತೇನೆ ಎಂದಿದ್ದ ದಂಡೆಗೆ ಒಮ್ಮೆ ಕರೆದುಕೊಂಡು ಹೋಗು. ಮಳೆ ಬರುತ್ತಿರಲಿ. ನೀನು ಪಕ್ಕದಲ್ಲಿ ಕೂರು, ಮಾತಾಡಬೇಡ. ಭಜಿಯವನು ಹತ್ತಿರ ಬಂದರೆ ಆಚೆ ಕಳಿಸು.

ನಮ್ಮವರು ನಿನ್ನೆ ತಾವೇ ಬಸ್ಸಿನ ವೇಳೆ ಕೇಳಿಕೊಂಡು ಬಂದಿದ್ದರು. "ಒಬ್ಬಾಕೀನ ಹೊಂಟೀಯೇನ? ಕೊಲ್ಲಾಪುರ ಮಟಾ ಬಿಟ್ಟ ಬರ್ಲಿ?" ಎಂದು ಬಾಗಿಲಲ್ಲಿ ನಿಂತು ಕೇಳಿದರು. "ಬ್ಯಾಡ್ರಿ" ಎಂದೆ. ತೋಟದ ಕಡೆ ಹೋದರು. ಆಮೇಲೆ ಇಲ್ಲಿ ಮೊದಲ ದೊಡ್ಡ ಮಳೆ ಬಂತು. ಶೆಡ್ಡು ಖಾಲಿ, ಯಾರೂ ಒದರಲಿಲ್ಲ, ಯಾರೂ ಓಡಲಿಲ್ಲ. ಅಡುಗೆಮನೆಯಲ್ಲಿ ಕೂತು ಹೊಟ್ಟೆ ತುಂಬ ಅಳಬೇಕೆಂದೆ, ಅಳು ಬರಲಿಲ್ಲ.

ನಿನ್ನ ಸೊಸೆಗೆ ದಿನ ತುಂಬಿವೆಯಲ್ಲ, ಸುಖವಾಗಿ ಹೆರಿಗೆಯಾಗಲಿ. ಹುಟ್ಟುವ ಕೂಸು ನೂರು ವರ್ಷ ಬಾಳಲಿ. ಅರ್ಮಾನನಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮಂಡಿನೋವಿಗೆ ಎಣ್ಣೆ ತರುತ್ತೇನೆ.

ನಿನ್ನ,
ಸೋನಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನಿಂದ ಇದನ್ನು ಮುಚ್ಚಿಟ್ಟು ನಿನ್ನ ಮನೆಯ ಅನ್ನ ಹೇಗೆ ಉಣ್ಣಲಿ? ಜೂನ್ ಹತ್ತು ಎಂದವರು ಇವರಲ್ಲ. ಡಾಕ್ಟರನ್ನು ನೋಡಿ ಬಂದ ಮರುದಿನ ಬೆಳಿಗ್ಗೆ ಇವರು ಬಾಡಿಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿದ್ದರು. "ನಡಿ, ಇವತ್ತ ಹೋಗೂಣು" ಎಂದರು. ಕೋಮಲ ಚಪ್ಪಲಿ ಮೆಟ್ಟಿ ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು. ನಾನೇ, "ಮ್ವಾಡ ಕಟ್ಟೈತಿ ನೋಡ್ರಿ, ರ್ಯಾಕ್ ತುಂಬ ಮಣೂಕಾ ಬಿಟ್ಟ ಹೊಂಟೀರೇನ? ಹುಡುಗಿ ಆರಾಮ ಆಗ್ಯಾಳ, ಸಮುದ್ರ ಏನ ಓಡಿ ಹೋಗ್ತೈತಿ?" ಎಂದು ಅಡ್ಡ ನಿಂತೆ. ಇವರು ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಡಾಕ್ಟರ ಮಾತಿನ ಅರ್ಥ ಇವರಿಗೆ ಆಗಲೇ ತಿಳಿದಿತ್ತು. ಅವಳು ಅಲ್ಲೇ ಕೂತಿರುವಾಗ ಹೇಗೆ ಹೇಳಿಯಾರು? ಕಾರು ತಿರುಗಿ ಹೋಯಿತು. "ಇರ್ಲಿ ಬಿಡವ್ವಾ, ಜೂನದಾಗ ಹೋಗೂಣು" ಎಂದು ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಭಾವನವರು ಇವರನ್ನು ಬೈಯುವಾಗ ನಾನು ಎರಡು ಮಾರು ದೂರದಲ್ಲಿ ಚಹಾ ಬಸಿಯುತ್ತಿದ್ದೆ. ಇವರು ತಪ್ಪು ತಮ್ಮ ಮೇಲೆ ಹಾಕಿಕೊಂಡರು, ನಾನು ಬಸಿಯುತ್ತಲೇ ಇದ್ದೆ. ಆಮೇಲೆ ನಾವಿಬ್ಬರೇ ಇದ್ದಾಗಲೂ ಇವರು ಆ ಮಾತು ಎತ್ತಿಲ್ಲ. ನನ್ನನ್ನು ಒಂದು ಸಲ ಬೈದಿದ್ದರೆ ಇವರ ಕಾಲು ಹಿಡಿದು ಅತ್ತುಬಿಡುತ್ತಿದ್ದೆ ವಾಜಿದಾ. ಇವರು ಬೈಯುವುದಿಲ್ಲ.