ನೀರುನಾಯಿಯ ಜಾಗ ಕೇಳಿದವನಿಗೆ

ಋಷಿಕೇಶ,

ನಿನ್ನ ಹೆಸರಿಗೆ ಮುಂಚೆ 'ಪ್ರಿಯ' ಎಂದು ಬರೆಯಲು ಕೈ ಒಪ್ಪಲಿಲ್ಲ. ಕ್ಷೇಮ ವಿಚಾರಿಸುವ ಮನಸ್ಸೂ ಇಲ್ಲ. ವರ್ಷಗಟ್ಟಲೆ ನೆನಪಾಗದ ನಾನು, ಕಡಲದಂಡೆಯಲ್ಲಿ ತೆಗೆದ ನೀರುನಾಯಿಯ ಒಂದು ಫೋಟೊ ಜಾಲತಾಣದಲ್ಲಿ ಹಾಕಿದ ಕೂಡಲೇ ನಿನಗೆ ನೆನಪಾದೆ. "ಕಾವೇರಿ, ನೀರುನಾಯಿ ಎಲ್ಲಿ ಕಂಡ್ವು ಹೇಳು. ಬ್ಯಾಡಗಿ, ಹಾವೇರಿ ಮಂದೀನ್ನ ಫೋಟೊ ತಗಿಯಾಕ ಕರಕೊಂಡು ಹೊಂಟೇನಿ. ಹಳೇದೆಲ್ಲಾ ಮರತಬಿಡು" ಎಂದು ನೀನು ಸಂದೇಶ ಕಳಿಸಿದೆ. ಆ ಕೊನೆಯ ಮಾತಿಗೆ ಮೈಯೆಲ್ಲ ಉರಿಯಿತು. ಅದಕ್ಕೇ ಈ ಪತ್ರ.

ಕೇಳು, ನಿನ್ನ ಹೊಟ್ಟೆ ಉರಿಯುವಷ್ಟು ಹೇಳುತ್ತೇನೆ. ಗೋಕರ್ಣದ ಆಚೆ ಒಂದು ದಂಡೆಯಿಂದ ಇನ್ನೊಂದಕ್ಕೆ ಗುಡ್ಡದಂಚಿನಲ್ಲೇ ಸಾಗುವ ಕಾಲುದಾರಿ ನಿನಗೂ ಗೊತ್ತು. ಅಪ್ಪನನ್ನು ಕರೆದುಕೊಂಡು ಅಲ್ಲಿ ನಡೆದೆ. ಕಡಲನ್ನೇ ನೋಡಿರದ ಅಪ್ಪ, "ಅಬಾಬಾ, ಆ ಕಡೀ ದಂಡೀನೇ ಕಾಣವಲ್ದಲ್ಲ!" ಎಂದು ನಕ್ಕ. ನೆತ್ತಿಯ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ತೇಲುತ್ತಿತ್ತು. ದೂರದಲ್ಲಿ ಡಾಲ್ಫಿನ್‌ಗಳ ಬೆನ್ನುಗಳು ಮೂಡಿ ಮುಳುಗುತ್ತಿದ್ದವು. ಕೆಂಪು ಕಲ್ಲಿನ ಮೇಲೆ ಕುಳಿತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಆಮೇಲೆ ಒಂದು ತಿರುವಿನಲ್ಲಿ ಅಪ್ಪ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. ಕೆಳಗೆ ಬಂಡೆಗಳ ನಡುವೆ ತಾಯಿ ನೀರುನಾಯಿ ಮೀನು ಸಿಗಿಯುತ್ತಿತ್ತು. ಮರಿಗಳು ಅದಕ್ಕಾಗಿ ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು. "ಹಿಂದಕ್ಕ ಸರಿಯವ್ವಾ, ಮರಿ ಅದಾವ" ಎಂದ ಅಪ್ಪ. ದೂರದಿಂದಲೇ ಒಂದು ಫೋಟೊ ತೆಗೆದು ಬಂದುಬಿಟ್ಟೆವು.

'ಮರಿ' ಎಂದವನು ಉಳಿದ ದಾರಿಯುದ್ದಕ್ಕೂ ನೆಲ ನೋಡುತ್ತಲೇ ನಡೆದ. ಯಾಕೆಂದು ನಿನಗೆ ಗೊತ್ತು.

ಕಾಲೇಜಿನ ಗೆಳೆಯನೆಂದು ನಿನ್ನನ್ನು ರಾಣೆಬೆನ್ನೂರಿನ ಹುಲ್ಲುಗಾವಲಿಗೆ ಕರೆದೊಯ್ದವಳು ನಾನು. ನನ್ನ ಅಪ್ಪ ಗೋಣೆಪ್ಪ ಅಲ್ಲಿ ಕೃಷ್ಣಮೃಗ ಕಾಯುವ ದಿನಗೂಲಿಯವ. ಹುಲ್ಲಿನಲ್ಲಿ ಮುದುಡಿ ಮಲಗಿದ್ದ ಮರಿಗೆ ನೀನು ಕೈಚಾಚಿದಾಗ, "ಮುಟ್ಟಬ್ಯಾಡೋ ತಮ್ಮಾ. ತಾಯಿ ಮೇಯಾಕ ಹೋಗೇತಿ, ಬಂದು ಹಾಲ ಕುಡಸ್ತೈತಿ" ಎಂದು ಹೇಳಿಯೇ ಹೋಗಿದ್ದ. ಅವನು ಅತ್ತ ತಿರುಗಿದ್ದೇ ತಡ, ಫೋಟೊಗೆ ಅಲ್ಲಿ ಬೆಳಕು ಚೆನ್ನಾಗಿದೆಯೆಂದು ನೀನು ಮರಿಯನ್ನು ಎತ್ತಿ ರಸ್ತೆಗೆ ತಂದೆ. ನಾನು ಬೇಡವೆಂದು ಕೂಗಿಕೊಂಡೆ. ಅದು ಒದ್ದಾಡಿ ಕೈಜಾರಿ ಬಿತ್ತು. ಸಂಜೆಗೆ ಸತ್ತಿತು. ಅರಣ್ಯ ಇಲಾಖೆಯ ಸಾಹೇಬರು ಕೇಳಿದಾಗ ನೀನು, "ಗೋಣೆಪ್ಪನೇ ಹಿಡದು ಕೊಟ್ಟಾನ್ರಿ, ರೊಕ್ಕಾ ತಗೊಂಡಾನ್ರಿ" ಅಂದೆ. ನಡೆದದ್ದನ್ನು ನಾನು ಹೇಳಿದೆ, ಆದರೆ ಮಗಳ ಸಾಕ್ಷಿಯನ್ನು ಯಾರು ನಂಬುತ್ತಾರೆ? ಅಪ್ಪನ ಕೆಲಸ ಹೋಯಿತು. ನಮ್ಮೂರು ಹಲಗೇರಿಯಲ್ಲಿ ಅವನು 'ಮರಿ ಮಾರಿದ ಗೋಣೆಪ್ಪ' ಆದ. ಶಾಬುದ್ದೀನನ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟ. ನೀನೋ, ಪ್ರಾಣಿಗಳ ಫೋಟೊ ತೆಗೆದು ದೊಡ್ಡ ಹೆಸರು ಮಾಡಿದೆ.

ಆ ತಿರುವಿನ ಜಾಗ ಹೇಳುವುದಿಲ್ಲ, ಋಷಿಕೇಶ. ನೀನು ಮಂದಿಯನ್ನು ಕಟ್ಟಿಕೊಂಡು ಆ ಗುಡ್ಡ ಹತ್ತಬೇಕು. ಬಿಸಿಲಿನಲ್ಲಿ ಬಂಡೆಬಂಡೆ ಇಣುಕಬೇಕು. "ಎಲ್ಲಿ ಅದಾವ್ರಿ ಸರ್?" ಎಂದು ಅವರು ಕೇಳಿದಾಗ ನಿನ್ನ ನಾಲಿಗೆ ಒಣಗಬೇಕು. ಇದನ್ನು ನೆನೆದರೆ ನನಗೆ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಅಷ್ಟಕ್ಕೆ ನನ್ನ ಸಿಟ್ಟು ಇಳಿಯುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಇಂದು ಬೆಳಿಗ್ಗೆ ಶಾಬುದ್ದೀನನ ಅಂಗಡಿಯಲ್ಲಿ ನಿಂತು, ನಿನ್ನ ಹೆಸರಿನ ಸಮೇತ ಓದಿದೆ. ಒಲ್ಲೆ ಎಂದರೂ ಬಿಡದೆ ಅಪ್ಪನನ್ನು ಎಳೆದುಕೊಂಡು ಹೋಗಿದ್ದೆ. ಓದಿ ಮುಗಿಸಿದ ಕೂಡಲೇ ಶಾಬುದ್ದೀನ, "ಇನ್ನೊಮ್ಮೆ ಓದ ತಂಗಿ, ಗಟ್ಟಿಯಾಗಿ" ಎಂದ. ಎರಡನೇ ಸಲ ಓದುವಾಗ ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು. ನಾನು ತಡೆಯಲಿಲ್ಲ. ಇಷ್ಟೊತ್ತಿಗೆ ಅದು ನಿನ್ನ ಬ್ಯಾಡಗಿ ಮಂದಿಗೂ ಮುಟ್ಟಿರಬೇಕು.

ಶಾಬುದ್ದೀನ ಅಪ್ಪನ ಮುಂದೆ ಚಹಾ ಇಟ್ಟು, "ಗೋಣೆಪ್ಪಣ್ಣಾ, ನಮ್ಮದು ತಪ್ಪಾತು" ಎಂದ. ಅಪ್ಪ ತಲೆ ತಗ್ಗಿಸಿ ಕುಡಿದ. ಕಣ್ಣು ತುಂಬಿದ್ದನ್ನು ಎಲ್ಲರೂ ನೋಡಿದರು. ಆ ಮಾತು ನಿನ್ನ ಬಾಯಿಂದ ಬರಬೇಕಿತ್ತು.

ಆ ಮರಿಗಳು ತಾಯಿಯ ಹತ್ತಿರವೇ ಬೆಳೆದು ದೊಡ್ಡವಾಗಲಿ. ನಿನಗೆ ಹಾರೈಸಲು ನನ್ನಲ್ಲಿ ಏನೂ ಇಲ್ಲ.

ಗೋಣೆಪ್ಪನ ಮಗಳು,
ಕಾವೇರಿ