ಮಂಚದಡಿಯ ಸ್ಟೆಪ್ನಿ

ಮಾವ,

ಹೊರಟೆ. ಭಾನುವಾರ ಸಂಜೆ ಬರುತ್ತೇನೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ತಣ್ಣಗಿದ್ದದ್ದನ್ನೇ ತಿಂದು ನನ್ನ ಮೇಲೆ ಸೇಡು ತೀರಿಸಿಕೊಳ್ಳಬೇಡಿ. ಬಿಪಿ ಮಾತ್ರೆ ಗಡಿಯಾರದ ಪಕ್ಕದಲ್ಲಿದೆ.

ನಾಲ್ಕು ದಿನದಿಂದ ಮಾತು ಬಿಟ್ಟಿದ್ದೀರಿ. ಸಾಲದ್ದಕ್ಕೆ ನಾನು ಹೊರಡದಿರಲಿ ಅಂತ ಕಾರಿನ ಸ್ಟೆಪ್ನಿ ಚಕ್ರವನ್ನು ನಿಮ್ಮ ಮಂಚದಡಿ ಬಚ್ಚಿಟ್ಟಿರಿ. ಮೂವತ್ತು ವರ್ಷ ಲಾರಿ ಓಡಿಸಿದವರಿಗೆ ರಬ್ಬರ್ ವಾಸನೆ ನಡುಮನೆಗೆ ಬರುತ್ತದೆ ಅಂತ ಗೊತ್ತಾಗಲಿಲ್ಲವೇ?

ಮಾತು ಬಿಡುವ ಮುಂಚೆ “ಇಬ್ಬರು ಹೋಗ್ತಿದ್ದ ಕೆರೆಗೆ ಒಬ್ಬಳೇ ಯಾಕಮ್ಮ?” ಅಂದಿರಿ. ಯಾಕೋ ನನಗೂ ಗೊತ್ತಿಲ್ಲ. ನಿಮ್ಮ ಮಗ ತೀರಿಹೋದ ಮೇಲೆ ಎರಡು ವರ್ಷ, ನಾವಿಬ್ಬರೂ ಅಲ್ಲಿ ಹಾಕುತ್ತಿದ್ದ ಟೆಂಟ್ ಅಟ್ಟದಲ್ಲೇ ಬಿದ್ದಿತ್ತು. ನಿನ್ನೆ ಅದನ್ನು ನಡುಮನೆಯಲ್ಲಿ ನಿಲ್ಲಿಸಲು ನೋಡಿದೆ. ಈ ಕಡೆ ಎತ್ತಿದರೆ ಆ ಕಡೆ ಕುಸಿಯುತ್ತಿತ್ತು. ಕೊನೆಗೆ ಆ ಕಡೆಯ ಹಗ್ಗವನ್ನು ಅವರ ಕುರ್ಚಿಯ ಕಾಲಿಗೆ ಕಟ್ಟಿದೆ, ನಿಂತಿತು. ಕೆರೆ ದಂಡೆಯಲ್ಲಿ ಕುರ್ಚಿ ಎಲ್ಲಿಂದ ತರಲಿ?

ಬಚ್ಚಲಿನ ನಲ್ಲಿ ಸೋರುತ್ತಿದೆ, ಕೆಳಗೆ ಬಕೆಟ್ ಇಡಿ.

ಬೆಳಿಗ್ಗೆ ನಾನು ಬಗ್ಗಿ ಸ್ಟೆಪ್ನಿ ಎಳೆಯುವಾಗ ನೀವು ಗೋಡೆ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಿರಿ. ಅಡ್ಡವಾಗಿ ಇಳಿಬಿಟ್ಟಿದ್ದ ಕಾಲನ್ನು ಮಾತ್ರ ಮೆಲ್ಲಗೆ ಮೇಲಕ್ಕೆಳೆದುಕೊಂಡಿರಿ.

ನಿದ್ದೆಯಲ್ಲಿರುವವರು ದಾರಿ ಬಿಡುವುದಿಲ್ಲ, ಮಾವ.