ಕ್ಲಿಕ್ ಅನ್ನದ ಪಿನ್ನು

ಆಗಸ್ಟ್ 3, ಭಾನುವಾರ. ಬೆಳಿಗ್ಗೆ 6.40

ತಂತಿ ಒರೆಸಿದ್ದಾಯಿತು. ಕೇಬಲ್ ಸುತ್ತಿಟ್ಟಿದ್ದಾಯಿತು. ಒಲೆ ಮೇಲೆ ಹಾಲಿದೆ, ಉಕ್ಕುವುದರೊಳಗೆ ನಾಲ್ಕು ಸಾಲು.

ನಿನ್ನೆ ಬೇಸ್ ಗಿಟಾರ್ ಮನೆಗೆ ಬಂತು. ಹುಬ್ಬಳ್ಳಿಯಿಂದ ಬಂಕಾಪುರದ ತನಕ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ. ಸೆಕೆಂಡ್ ಹ್ಯಾಂಡ್. ಕೆಂಪು ಬಣ್ಣ, ಒಂದು ಮೂಲೆಯಲ್ಲಿ ಸಿಪ್ಪೆ ಎದ್ದಿದೆ. ಆದರೂ ನನ್ನದು. ಎರಡು ವರ್ಷ ಅಫ್ಸಾನಾ ಅಕ್ಕನ ಗಿಟಾರನ್ನೇ ಬಾರಿಸಿದೆ, ಹೋದ ತಿಂಗಳು ಅದರ ಕಟ್ಟಿಗೆಯೇ ಸೀಳಿತು. ಅವರ ಆರ್ಕೆಸ್ಟ್ರಾಕ್ಕೆ ಕೋರಸ್ ಹಾಡಲು ಹೋದವಳು. ಬೇಸ್ ಬಾರಿಸುವವನು ನೌಕರಿ ಸಿಕ್ಕು ಹೋದ. "ನಿನ್ನ ಬೆರಳ ಉದ್ದ ಅದಾವ, ಹಿಡಿ ಇದನ್ನ" ಅಂತ ಕೈಗೆ ಕೊಟ್ಟರು. ಅವತ್ತಿನಿಂದ ಬಿಟ್ಟಿಲ್ಲ.

ಗಂಡ ಮಹಾಶಯ ಶರಣು ಗಿಟಾರ್ ಹಿಡಿದು ಆರು ಫೋಟೋ ತೆಗೆಸಿಕೊಂಡ. ಬಾರಿಸುವವಳು ನಾನು ಅನ್ನುವುದು ಮರೆತೇ ಹೋಗಿತ್ತು.

ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಸುಶೀಲವ್ವನವರ ಮುಖ ಓದುವುದು ಕಷ್ಟ. ಮದುವೆಯಾಗಿ ಮೂರು ವರ್ಷ, ನಾನಿನ್ನೂ ಅಕ್ಷರಾಭ್ಯಾಸದಲ್ಲೇ ಇದ್ದೇನೆ.

"ನಾಕ ತಂತಿ, ಅಷ್ಟನ?"

"ಹೌದ್ರಿ ಅತ್ತ್ಯಾರ."

"ದನಿ ಎಲ್ಲಿಂದ ಬರ್ತೈತಿ?"

ಬದಿಯಲ್ಲಿದ್ದ ಜ್ಯಾಕಿನ ತೂತು ತೋರಿಸಿದೆ. "ಇಲ್ಲೆ ಕೇಬಲ್ಲಿನ ಪಿನ್ ಹಾಕಬೇಕ್ರಿ. ದನಿ ಇಲ್ಲಿಂದನ ಹೊರಗ ಹೋಗೂದು."

"ಹೂಂ" ಅಂದು ಒಳಗೆ ಹೋದರು. ಆ ಹೂಂ ಬೇಕು ಅನ್ನುವುದೋ, ಬೇಡ ಅನ್ನುವುದೋ... ಹಾಲು ಉಕ್ಕಿತು.

ಆಗಸ್ಟ್ 5, ಮಂಗಳವಾರ

ಹುಬ್ಬಳ್ಳಿಯ ಅಂಗಡಿಯಲ್ಲಿ ಪಿನ್ ಸಲೀಸಾಗಿ ಹೋಗಿತ್ತು. ಕೊನೆಗೆ ಕ್ಲಿಕ್ ಅಂದಿತ್ತು. ಇವತ್ತು ಮುಕ್ಕಾಲು ಹೋಗಿ ನಿಂತಿತು. ಒತ್ತಿದೆ. ಹಲ್ಲು ಕಚ್ಚಿ ಒತ್ತಿದೆ. ಕ್ಲಿಕ್ ಇಲ್ಲ. ಆಂಪ್ಲಿಫೈಯರಿನಲ್ಲಿ ಬರೀ ಗುಂಯ್.

ಮಳೆಗಾಲದ ಥಂಡಿಗೆ ಹೀಗೆ ಅಂತ ಶರಣು. ಮೆಕ್ಕೆಜೋಳದ ವ್ಯಾಪಾರ ಮಾಡುವವನು, ಅವನಿಗೆ ಜಗತ್ತಿನ ಎಲ್ಲ ರೋಗಕ್ಕೂ ತೇವವೇ ಕಾರಣ.

ಆಗಸ್ಟ್ 7

ಗಿಟಾರಿನ ಮೇಲೆ ಇರುವೆ. ಸಣ್ಣ ಕೆಂಪು ಇರುವೆ, ಸಾಲು ಹಿಡಿದು. ಶರಣು ಹಿರೇಕೆರೂರಿನಿಂದ ತಂದ ಪೇಡೆ ಪೊಟ್ಟಣ ಪಕ್ಕದಲ್ಲೇ ಇಟ್ಟಿದ್ದ. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ನೋಡಿದರೆ ಪೊಟ್ಟಣ ಬಿಚ್ಚಿಯೇ ಇಲ್ಲ. ಬೈದದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಮುಂದೆ ಯಾವುದಕ್ಕಾದರೂ ಜಮಾ ಆಗಲಿ.

ಪಿನ್ ಇವತ್ತು ಅರ್ಧಕ್ಕೇ ನಿಂತಿತು.

ಆಗಸ್ಟ್ 10, ಭಾನುವಾರ. ಸಂಜೆ

ಶಿಗ್ಗಾಂವಿಯಲ್ಲಿ ಪ್ರ್ಯಾಕ್ಟೀಸ್, ಅಫ್ಸಾನಾ ಅಕ್ಕನ ಮನೆ ಮಾಳಿಗೆ ಮೇಲೆ. ಪಿನ್ನನ್ನು ಹೇಗೋ ಒತ್ತಿ ಕೂರಿಸಿದ್ದೆ, ಆದರೂ ಒಂದೇ ಹಾಡಿನಲ್ಲಿ ಮೂರು ಸಲ ನನ್ನ ಸೌಂಡ್ ಕಟ್. ಮೂರನೇ ಸಲ ಅಕ್ಕ ಹಾಡುವುದನ್ನೇ ನಿಲ್ಲಿಸಿದರು.

"ಶ್ವೇತಾ, ಹಾನಗಲ್ ಪ್ರೋಗ್ರಾಮ್ ಮೂವತ್ತೊಂದಕ್ಕ. ಐದನೇ ದಿನದ ಗಣಪತಿ. ಅಲ್ಲಿ ಹಿಂಗಾದ್ರ ಮಂದಿ ಸೀಟಿ ಹೊಡೀತಾರ. ಆವತ್ತಿಗೆ ಸರಿ ಆಗ್ಲಿಲ್ಲ ಅಂದ್ರ ಬೇಸ್ ರವಿಕುಮಾರ ನೋಡ್ಕೋತಾನ. ಕೀಬೋರ್ಡಿನ ಎಡಗೈಲೆ ಬರ್ತೈತಿ ಅವಂಗ."

ರವಿಕುಮಾರ ತಲೆ ತಗ್ಗಿಸಿ ಕೂತ. ಅವನ ತಪ್ಪಿಲ್ಲ. ಅಕ್ಕನ ತಪ್ಪೂ ಇಲ್ಲ. ಒಮ್ಮೆ ಎಡಗೈಗೆ ಹೋದ ಬೇಸ್ ವಾಪಸ್ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಮತ್ತೆ ಕೋರಸ್. ಹಿಂದೆ ನಿಂತು ಆ... ಅನ್ನುವುದು.

ಬೇಸ್ ಬಾರಿಸುವಾಗ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಬರುತ್ತದೆ. ಅದನ್ನು ಬಿಟ್ಟು ಇರುವುದು ನನ್ನಿಂದ ಆಗದು. ಇಲ್ಲಿ ಬರೆದಿಟ್ಟಿರುತ್ತೇನೆ, ಬೇರೆ ಯಾರಿಗೆ ಹೇಳಲಿ.

ಆಗಸ್ಟ್ 12, ಮಂಗಳವಾರ

ಇವತ್ತು ಹೊಸ ರಗಳೆ. ಹೋದ ಪಿನ್ ಹೊರಗೇ ಬರಲಿಲ್ಲ. ಶರಣು ಕೇಬಲ್ ಹಿಡಿದು ಎಳೆದ, ನಾನು ಗಿಟಾರ್ ಹಿಡಿದು ಎಳೆದೆ. ನೋಡಿದವರು ಹಗ್ಗಜಗ್ಗಾಟ ಅನ್ನಬೇಕು. ಕೊನೆಗೆ ಅವನು ಇಕ್ಕಳ ತಂದ.

ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ಇಕ್ಕಳ ಹಚ್ಚಬ್ಯಾಡ್ರಿ ಅದಕ್ಕ. ಅದರ ಪಾಡಿಗೆ ಬಿಡ್ರಿ."

ನನ್ನ ಪಿತ್ತ ನೆತ್ತಿಗೇರಿತು. ಹತ್ತು ದಿನದ ಸಿಟ್ಟು ಒಮ್ಮೆಗೇ. "ನಿಮಗ ಇದು ಮನ್ಯಾಗ ಇರೂದ ಬ್ಯಾಡಾಗೇತಿ. ಬಾಯಿ ಬಿಟ್ಟ ಹೇಳಿಬಿಡ್ರಿ."

ಶರಣು ಇಕ್ಕಳವನ್ನೇ ನೋಡುತ್ತ ನಿಂತ. ಅತ್ತೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಬಡಿಯುವ ಸದ್ದು ಎಂದಿನ ಹಾಗೇ ಇತ್ತು. ಅದೇ ಹೆಚ್ಚು ಚುಚ್ಚಿತು.

ಆಗಸ್ಟ್ 13

ಅತ್ತೆ ಊಟಕ್ಕೆ ಕರೆದರು. ತುಪ್ಪ ಬಡಿಸಿದರು. ತಲೆ ಎತ್ತದೆ ಉಂಡು ಎದ್ದೆ.

ಆಗಸ್ಟ್ 17, ಭಾನುವಾರ. ಮಧ್ಯಾಹ್ನ, ಸವಣೂರು ಬಸ್ ಸ್ಟ್ಯಾಂಡ್

ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬಸ್ಸಿಗೆ ಇನ್ನೂ ಹೊತ್ತಿದೆ, ಈಗಲೇ ಬರೆಯಬೇಕು.

ಪಿನ್ ಸಮೇತ ಗಿಟಾರ್ ಹೊತ್ತು ಶಿದ್ಲಿಂಗಪ್ಪನವರ ಅಂಗಡಿಗೆ ಹೋದೆ. ಈ ಕಡೆಯ ಆರ್ಕೆಸ್ಟ್ರಾದವರ ಆಂಪ್ಲಿಫೈಯರ್ ಎಲ್ಲ ರಿಪೇರಿ ಮಾಡುವ ಮುದುಕ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ. ಜ್ಯಾಕಿನ ತಗಡಿನ ಎರಡು ಸ್ಕ್ರೂ ಬಿಚ್ಚಿದರು, ಒಳಗೆ ಇಣುಕಿದರು. ಸ್ಪಿರಿಟ್ ಬಿಟ್ಟರು, ಜಗ್ಗಲಿಲ್ಲ. ಸೂಜಿಯಿಂದ ಏನೋ ಕೆರೆದು, ಬೆಳಕಿಗೆ ಹಿಡಿದು, ನಾಲಿಗೆ ತುದಿಗೆ ಹಚ್ಚಿಕೊಂಡರು. ನಾನು ಬೇಡ ಅನ್ನುವುದರೊಳಗೆ.

"ತಂಗಿ, ಇದು ಸಕ್ಕರಿ."

"ಏನ್ರಿ?"

"ಸಕ್ಕರಿ. ಥಂಡಿಗೆ ಕರಗಿ ಪಾಕ ಆಗೇತಿ, ಆಮ್ಯಾಲ ಗಟ್ಟಿ ಕುಂತೈತಿ. ನಲವತ್ತ ವರ್ಷ ಆತು ಈ ಕೆಲಸಕ್ಕ. ಜಿರಳಿ ನೋಡೇನಿ, ಅಡಕಿ ಚೂರ ನೋಡೇನಿ. ಸಕ್ಕರಿ ಇದ ಮೊದಲನೇದು. ಮನ್ಯಾಗ ಸಣ್ಣ ಹುಡುಗರು ಅದಾವೇನ?"

ಇಲ್ಲ ಅಂದೆ. ಅಂದ ಮರುಗಳಿಗೆಯೇ ಗೊತ್ತಾಯಿತು. ಮೂರು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತ ನನ್ನ ಬಾಯಿಗೆ ಸಕ್ಕರೆ ಹಾಕಿದ ಕೈ. ಫ್ರಿಜ್ ಬಂದ ದಿನ ಅದರೊಳಗೆ ಮೊದಲು ಒಂದು ವಾಟಿ ಸಕ್ಕರೆ ಇಟ್ಟ ಕೈ. ದನಿ ಎಲ್ಲಿಂದ ಬರುತ್ತದೆ ಅಂತ ಕೇಳಿದವರು ಅವರು. ತೂತು ತೋರಿಸಿದವಳು ನಾನು.

ಬಿಸಿನೀರು ಹನಿಹನಿಯಾಗಿ ಬಿಟ್ಟು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿ, ಪಿನ್ನನ್ನು ತಿರುವಿ ತೆಗೆದರು. ಒಳಗೆಲ್ಲ ಒಣಗಿಸಿದರು. "ಸ್ಪ್ರಿಂಗ್ ಬೇಕಂತನ ತುಸು ಬಿಗಿ ಇಟ್ಟೇನಿ. ಸ್ಟೇಜಿನ ಮ್ಯಾಲ ಯಾರರ ಕೇಬಲ್ ತುಳದ್ರ ಕಳಚಬಾರ್ದು. ವೈರ್ ಹಿಡದ ಜಗ್ಗಬ್ಯಾಡ. ಪಿನ್ನಿನ ಕುತ್ತಿಗಿ ಹಿಡಿ, ಹಗೂರಕ ತಿರುವು."

ಕ್ಲಿಕ್ ಅಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ ಬಂತು.

ಅದೇ ದಿನ, ಸಂಜೆ

ಅತ್ತೆ ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಕೂತೆ. ನಾನೂ ಹರಳು ಹುಡುಕಿದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತಿತ್ತು.

"ಗಿಟಾರಿಗೆ ಸಕ್ಕರಿ ಹಾಕಿದ್ರೇನ್ರಿ ಅತ್ತ್ಯಾರ?"

"ಹಾಕೇನಿ." ಮುಚ್ಚುಮರೆ ಇಲ್ಲ. "ಮನಿಗೆ ಹೊಸದಾಗಿ ಬಂದೈತಿ. ಬಾಯಿ ಸಿಹಿ ಮಾಡಲಾರದ ಹೆಂಗ ಒಳಗ ಕರಕೊಳ್ಳೂದು? ನಿನಗ ಹಾಕಿರ್ಲಿಲ್ಲೇನ?"

"ಒಂದ ಸಲ ಅಷ್ಟ ಹಾಕಿದ್ರಿ?"

ಮೊರದ ಮೇಲೆ ಕೈ ನಿಂತಿತು. "ಮೊದಲ ಒಂದ ಚಿಟಿಕಿ. ಆಮ್ಯಾಲ ಅದು ದನಿ ಬಿಡವಲ್ದು, ನೀ ಮಾರಿ ಸಣ್ಣ ಮಾಡ್ಕೊಂಡ ಅಡ್ಡಾಡಾಕತ್ತಿ. ನನಗ ತಡೀಲಿಲ್ಲ. ದಿನಾ ಮುಂಜಾನೆ ದೀಪ ಹಚ್ಚಿ ಒಂದೊಂದ ಚಿಟಿಕಿ ಹಾಕಿದೆ."

ಪಿನ್ ಬಿಗಿಯಾದಷ್ಟೂ ಸಕ್ಕರೆ. ಸಕ್ಕರೆ ಬಿದ್ದಷ್ಟೂ ಪಿನ್ ಬಿಗಿ. ನಾನು ಇವರನ್ನು ಬೈದ ದಿನ ಬೆಳಿಗ್ಗೆಯೂ ಹಾಕಿದ್ದರಂತೆ.

"ತಪ್ಪಾತ್ರಿ ನಂದು" ಅಂದೆ. ಅಷ್ಟೇ ಆಯಿತು ನನ್ನ ಕೈಲಿ.

"ನೀ ಬೈದದ್ದು ಪಿನ್ನಿಗೆ. ನಾ ನಡುವ ಬಂದೆ, ಅಷ್ಟ." ಮೊರವನ್ನು ನನ್ನ ಕಡೆ ತಳ್ಳಿದರು. "ನೀ ಹರಳ ಬಿಟ್ಟ ಅಕ್ಕಿನ ಒಗ್ಯಾಕತ್ತಿ ನೋಡು."

ಈ ಮುದುಕಿಯ ಮೇಲೆ ನನಗೆ ಎಷ್ಟು ಪ್ರೀತಿ ಅನ್ನುವುದು ಇವತ್ತು ಗೊತ್ತಾಯಿತು.

ಶರಣುಗೆ ಪೇಡೆ ವಿಷಯಕ್ಕೆ ಬೈದದ್ದನ್ನೂ ವಾಪಸ್ ತೆಗೆದುಕೊಂಡೆ. ಅವನಿಗೆ ನೆನಪೇ ಇರಲಿಲ್ಲ.

ಆಗಸ್ಟ್ 24, ಭಾನುವಾರ

ಪ್ರ್ಯಾಕ್ಟೀಸಿನಲ್ಲಿ ಒಮ್ಮೆಯೂ ಕಟ್ ಆಗಲಿಲ್ಲ. ಆದರೂ ಅಫ್ಸಾನಾ ಅಕ್ಕನಿಗೆ ಧೈರ್ಯ ಸಾಲದು. "ಹಾನಗಲ್‌ದಾಗ ಸೌಂಡ್ ಚೆಕ್ ಆಗ್ಲಿ, ಆಮ್ಯಾಲ ಹೇಳ್ತೇನಿ." ರವಿಕುಮಾರ ಎಡಗೈ ತಯಾರಿ ಮಾಡಿಕೊಂಡೇ ಇದ್ದಾನೆ.

ಶಿದ್ಲಿಂಗಪ್ಪನವರ ಸ್ಪ್ರಿಂಗ್ ನಿಜಕ್ಕೂ ಬಿಗಿ. ಮನೆಗೆ ಬಂದು ಪಿನ್ ತೆಗೆಯಲು ಒದ್ದಾಡುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬಂದು ಕೂತರು. "ತಾ ಇಲ್ಲೆ. ಕೈಗೆ ಬಿಗಿ ಬಳಿ ಏರಿಸೂವಾಗ ಹಿಂಗ ಜಬರದಸ್ತಿ ಮಾಡ್ತಾರೇನ?" ಎರಡು ಬೆರಳಲ್ಲಿ ಪಿನ್ನಿನ ಕುತ್ತಿಗೆ ಹಿಡಿದರು. ಇತ್ತ ಚೂರು, ಅತ್ತ ಚೂರು. ಬಂತು. ಹಾಕಿದರು, ಕ್ಲಿಕ್. ಮತ್ತೆ ತೆಗೆದರು, ಮತ್ತೆ ಹಾಕಿದರು. ಆಟಿಕೆ ಸಿಕ್ಕಂತಾಯಿತು ಅವರಿಗೆ. ಹತ್ತು ಸಲವಾದರೂ ಮಾಡಿರಬೇಕು.

"ಹಾನಗಲ್ಲಿಗೆ ನಾನೂ ಬರ್ತೇನಿ" ಅಂದರು, ಪಿನ್ ನೋಡುತ್ತಲೇ.

ಆಗಸ್ಟ್ 31, ಭಾನುವಾರ. ಹಾನಗಲ್. ಸಂಜೆ 5.20

ಸ್ಟೇಜಿನ ಹಿಂದೆ, ಪೆಂಡಾಲಿನವರ ಕುರ್ಚಿಯ ಮೇಲೆ. ಸೌಂಡ್ ಚೆಕ್ ಮುಗಿಯಿತು. ಮೂರು ಹಾಡು. ಎರಡನೇ ಹಾಡಿನಲ್ಲಿ ಲೈಟಿನವನು ನನ್ನ ಕೇಬಲ್ ಮೇಲೇ ಕಾಲಿಟ್ಟ. ಜೀವ ಹೋಯಿತು. ಪಿನ್ ಅಲ್ಲಾಡಲಿಲ್ಲ.

ಮೂರನೆಯದು ಮುಗಿದ ಮೇಲೆ ಅಫ್ಸಾನಾ ಅಕ್ಕ ನನ್ನನ್ನು ನೋಡಲಿಲ್ಲ. ಕೀಬೋರ್ಡಿನ ಕಡೆ ತಿರುಗಿ ಒಂದೇ ಮಾತು. "ರವಿಕುಮಾರ, ಎಡಗೈ ತಗಿ."

ರವಿಕುಮಾರ ಎಡಗೈ ಎತ್ತಿ ನನಗೇ ಟಾಟಾ ಮಾಡಿದ.

6.45

ಪೆಂಡಾಲ್ ತುಂಬಿದೆ. ಮುಂದಿನ ಸಾಲಿನಲ್ಲಿ ಶರಣು, ಪಕ್ಕದ ಕುರ್ಚಿಗೆ ಕರ್ಚೀಫ್ ಹಾಸಿ ಕಾಯುತ್ತಿದ್ದಾನೆ. ಆ ಕುರ್ಚಿಯವರು ಇಲ್ಲಿ ನನ್ನ ಎದುರಿಗೇ ಬಂದು ನಿಂತು ಸೆರಗಿನ ಗಂಟು ಬಿಚ್ಚಿದರು. ಗಂಟಿನಲ್ಲಿ ಏನೆಂದು ಕೇಳಬೇಕೆ. ಜ್ಯಾಕಿನ ತೂತನ್ನು ಅಂಗೈಯಿಂದ ಮುಚ್ಚಿಕೊಂಡೆ.

"ಅಂಜಬ್ಯಾಡ, ಅದಕ್ಕಲ್ಲ" ಅಂದರು. "ಬಾಯಿ ತಗಿ ನೀನು."

ತೆಗೆದೆ. ಈಗ ಬಾಯಿ ತುಂಬ ಸಕ್ಕರೆ, ಕಣ್ಣು ತುಂಬ ನೀರು. ಅಕ್ಕ ಕರೆಯುತ್ತಿದ್ದಾರೆ. ವಾಲ್ಯೂಮ್ ಇಳಿಸಿದ್ದೇನೆ. ಪಿನ್ ತಾವೇ ಹಾಕುತ್ತಾರಂತೆ ಅತ್ತೆ. ಹಾಕಲಿ. ಕುತ್ತಿಗೆ ಹಿಡಿದರು. ಇತ್ತ ಚೂರು, ಅತ್ತ ಚೂರು, ಇನ್ನೇನು ಕ್ಲಿಕ್...